ಸಲಿಕಿ ಯಾರ ಕೈಯಾಗ, ಪಾಟಿ ಯಾರ ಕೈಯಾಗ?

'ಮಕ್ಕಳನ್ನು ಗೋಡೆಗಳ ನಡುವೆ ಕೂಡಿಹಾಕಬೇಡಿರಿ. ಹೊರಗೆ ಕರೆದುಕೊಂಡು ಹೋಗಿರಿ. ಮಣ್ಣು ಮುಟ್ಟಿಸಿರಿ, ಹುಳ ಹುಪ್ಪಡಿ ತೋರಿಸಿರಿ.' ಮಾಸ್ತರುಗಳ ತರಬೇತಿಯಲ್ಲಿ ಈಗ ಈ ಮಾತು ಮೇಲಿಂದ ಮೇಲೆ ಬರುತ್ತದೆ. ಮಾತು ಖರೆ ಅದ. ನಾವೂ ಒಪ್ಪುತ್ತೇವೆ. ಆದರೆ ಇದನ್ನೇ ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದ ಸುತ್ತಿನ ಯಾವುದಾದರೂ ಕೇರಿಗೆ ಹೋಗಿ, ಎಪ್ಪತ್ತು ದಾಟಿದ ಮುತ್ಯಾನ ಮುಂದೆ ಹೇಳಿ ನೋಡಿರಿ. ಆತ ನಗುತ್ತಾನೆ. "ಹೊರಗ ಕಲೀಬೇಕಂತೇನಪಾ? ನಾವು ಹೊರಗೇ ಇದ್ದೆವಲ್ಲೋ. ಒಳಗ ಕರದವರು ಯಾರು?"

ಈ ನಗೆಯ ಹಿಂದೆ ಒಂದು ಚರಿತ್ರೆ ಇದೆ. ಅದನ್ನು ಬರೆಯಬೇಕು ಅನ್ನಿಸಿ ಬರೆಯುತ್ತಿದ್ದೇವೆ.

ಬಯಲಿನಲ್ಲಿ ಕೈಯಾರೆ ಕಲಿಯುವುದರ ಚರಿತ್ರೆ ಬರೆಯುವ ಪಂಡಿತರು ರೂಸೋನಿಂದ ಶುರುಮಾಡುತ್ತಾರೆ. ಶಾಂತಿನಿಕೇತನದ ಮರದ ನೆರಳಿಗೆ ಬಂದು ಸ್ವಲ್ಪ ಹೊತ್ತು ಕೂಡುತ್ತಾರೆ. ಕನ್ನಡದವರಾದರೆ ಪುತ್ತೂರಿನಲ್ಲಿ ಶಿವರಾಮ ಕಾರಂತರು ಕಟ್ಟಿದ ಬಾಲವನಕ್ಕೆ ಕೈಮುಗಿದು ಮುಗಿಸುತ್ತಾರೆ. ಆ ಹಿರಿಯರ ಬಗ್ಗೆ ನಮಗೆ ಗೌರವವಿದೆ. ಕಾರಂತರು 1936ರಷ್ಟು ಹಿಂದೆಯೇ 'ಬಾಲ ಪ್ರಪಂಚ' ಬರೆದು ಕನ್ನಡದ ಮಕ್ಕಳಿಗೆ ಲೋಕದ ವಿಜ್ಞಾನ ಕೊಟ್ಟವರು. ಆದರೆ ಗೆಳೆಯರೆ, ಕೋಣೆಯಿಂದ ಎದ್ದು ಮರದ ಕೆಳಗೆ ಹೋಗಿ ಕೂಡಬೇಕಾದರೆ ಮೊದಲು ಕೋಣೆಯಲ್ಲಿ ಜಾಗ ಇದ್ದಿರಬೇಕು. ಒಳಗೇ ಬಿಡದವನಿಗೆ ಹೊರಗೆ ಎಂಬುದರ ಅರ್ಥವೇ ಬೇರೆ.

ನಮ್ಮ ಲೆಕ್ಕದಲ್ಲಿ ಈ ಚರಿತ್ರೆ 1856ರ ಜೂನ್ ತಿಂಗಳಲ್ಲಿ ಧಾರವಾಡದಲ್ಲಿ ಶುರುವಾಗುತ್ತದೆ. ಮಹಾರ ಜಾತಿಯ ಒಬ್ಬ ಹುಡುಗ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕೆಂದು ಅರ್ಜಿ ಹಾಕಿದ. ಮುಂಬೈ ಸರ್ಕಾರ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ನ್ಯಾಯವೇನೋ ಹುಡುಗನ ಕಡೆಗೇ ಇದೆ, ಆದರೆ ಇವನೊಬ್ಬನನ್ನು ಒಳಗೆ ಬಿಟ್ಟರೆ ಉಳಿದವರೆಲ್ಲ ಶಾಲೆ ಬಿಡುತ್ತಾರೆ, ಆದ್ದರಿಂದ ಆಗದು. ಎಂಥ ನ್ಯಾಯ ನೋಡಿರಿ! ಕಂಪನಿ ಸರ್ಕಾರಕ್ಕೆ ಮನುಧರ್ಮ ಎಷ್ಟು ಬೇಗ ಅರ್ಥವಾಗಿತ್ತು! 1928ರಲ್ಲಿ ಬಾಬಾಸಾಹೇಬರು ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಕೊಟ್ಟ ಹೇಳಿಕೆಯಲ್ಲಿ ಈ ಧಾರವಾಡದ ಹುಡುಗನನ್ನು ಮತ್ತೆ ನೆನೆದರು. ಅವರಿಗೆ ಅದು ಬರೀ ದಾಖಲೆಯ ಮಾತಾಗಿರಲಿಲ್ಲ. ಸಾತಾರಾದ ಶಾಲೆಯಲ್ಲಿ ಅವರು ಕೂತದ್ದು ಒಂದು ಮೂಲೆಯಲ್ಲಿ, ಮನೆಯಿಂದ ತಂದ ಗೋಣಿ ತಟ್ಟಿನ ಮೇಲೆ. ಸಂಜೆ ಆ ತಟ್ಟನ್ನು ಸುತ್ತಿಕೊಂಡು ಮನೆಗೆ ಒಯ್ಯಬೇಕು. ಶಾಲೆ ಗುಡಿಸುವವನು ಅದನ್ನು ಮುಟ್ಟುವುದಿಲ್ಲ. ನೀರಡಿಸಿದರೆ ಜವಾನ ಬಂದು ನಳ ತಿರುವಬೇಕು. ಜವಾನ ಇಲ್ಲದ ದಿನ ನೀರಿಲ್ಲ.

ನಮ್ಮ ಭಾಗದ ಕಥೆ ಇನ್ನೂ ಕಡು. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮನ ಸೀಮೆ. ಮನೆಯಲ್ಲಿ ಕನ್ನಡ, ಗಡಿಯ ಸಂತೆಯಲ್ಲಿ ಮರಾಠಿ, ಶಾಲೆ ಮತ್ತು ಕಚೇರಿಯಲ್ಲಿ ಉರ್ದು. 1951ರ ಜನಗಣತಿಯ ಹೊತ್ತಿಗೆ ಹೈದರಾಬಾದ್ ರಾಜ್ಯದಲ್ಲಿ ನೂರಕ್ಕೆ ಹತ್ತು ಮಂದಿಗೂ ಅಕ್ಷರ ಬರುತ್ತಿರಲಿಲ್ಲ. ಆ ಹತ್ತರೊಳಗೆ ಕೇರಿಯವರು ಎಷ್ಟು ಎಂದು ಬೇರೆ ಹೇಳಬೇಕೇ? 1956ರ ನವೆಂಬರ್ 1ರಂದು ಗುಲ್ಬರ್ಗ ಕನ್ನಡ ನಾಡಿಗೆ ಸೇರಿತು. ಅದಾಗಿ ನಲವತ್ತಾರು ವರ್ಷದ ಮೇಲೆ, 2002ರಲ್ಲಿ, ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ 'ಅತ್ಯಂತ ಹಿಂದುಳಿದ' 39 ತಾಲ್ಲೂಕುಗಳ ಪಟ್ಟಿಯಲ್ಲೇ ಇದ್ದವು.

ಹೀಗೆ ಶಾಲೆಯ ಹೊರಗೆ ಉಳಿದವರು ಏನೂ ಕಲಿಯಲಿಲ್ಲವೇ? ಇಲ್ಲೇ ನಮ್ಮ ತಕರಾರು ಇರುವುದು.

ಹಳೇ ಮೈಸೂರಿನ ಕೆರೆ ಊರುಗಳಲ್ಲಿ ನೀರಗಂಟಿ ಎಂಬವನಿದ್ದ. ಕೆರೆಯ ತೂಬು ಎತ್ತುವವನು, ಇಳಿಸುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡಿಕೊಳ್ಳುವವನು. ಬಹಳ ಊರುಗಳಲ್ಲಿ ಅವನು ಹೊಲೆಯ. ಕೆರೆಯಲ್ಲಿ ಎಷ್ಟು ನೀರಿದೆ, ಎಷ್ಟು ದಿನ ಬರುತ್ತದೆ ಎಂಬುದು ಅವನಿಗೆ ಗೊತ್ತು. ಊರ ಬಾವಿಯ ನೀರು ಮಾತ್ರ ಅವನಿಗಿಲ್ಲ. ಹಾಗೆಯೇ ಕುಳವಾಡಿ. 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿದ್ದ ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ ಇವನ ಬಗ್ಗೆ ಬರೆದಿದ್ದಾನೆ. ಊರ ಗಡಿಯ ಜಗಳ ಬಂದರೆ ಹೊಲೆಯ ಕುಳವಾಡಿ ತೋರಿಸಿದ್ದೇ ಗಡಿ. ಕಲ್ಲು, ಗಿಡ, ಹಳ್ಳ, ದಿಬ್ಬ ಎಲ್ಲ ಅವನ ನೆನಪಿನಲ್ಲಿ. ನೆಲದ ನಕಾಶೆ ತಲೆಯಲ್ಲಿ ಇಟ್ಟುಕೊಂಡವನಿಗೆ ನೆಲವೇ ಇರಲಿಲ್ಲ.

ನಮ್ಮ ಎರೆ ಸೀಮೆಗೆ ಬರೋಣ. ಮಾದನಹಿಪ್ಪರಗಾ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಇಲ್ಲಿನ ಕರಿ ಮಣ್ಣು ಕೋಟಿಗಟ್ಟಲೆ ವರ್ಷದ ಹಿಂದೆ ಹರಿದ ಬೆಂಕಿಕಲ್ಲು ಸವೆದು ಆದದ್ದು. ಬ್ಯಾಸಿಗಿಯಲ್ಲಿ ಹೊಲಕ್ಕೆ ಹೋದರೆ ಬಿರುಕಿನಲ್ಲಿ ಮಕ್ಕಳ ಕೈ ಮೊಳಕೈವರೆಗೆ ಇಳಿಯುತ್ತದೆ. ಮೇಲಿನ ಪುಡಿ ಮಣ್ಣು ಆ ಬಿರುಕಿನಲ್ಲಿ ಬಿದ್ದು ಕೆಳಗೆ ಹೋಗುತ್ತದೆ, ಮಳೆ ಬಂದಾಗ ಕೆಳಗಿನದು ಉಬ್ಬಿ ಮೇಲೆ ಬರುತ್ತದೆ. ಎರೆ ತನ್ನನ್ನು ತಾನೇ ಹರಗಿಕೊಳ್ಳುವ ನೆಲ. ಕಾಲೇಜಿನಲ್ಲಿ ಇದನ್ನು ದೊಡ್ಡ ಹೆಸರಿನಿಂದ ಕಲಿಸುತ್ತಾರೆ. ಕೂಲಿಗೆ ಹೋಗುವ ಅವ್ವಂದಿರು "ಎರಿ ಬಾಯಿ ತೆರದದ, ಮಳಿ ಕುಡೀತದ" ಎಂದು ಒಂದೇ ಮಾತಿನಲ್ಲಿ ಹೇಳುತ್ತಾರೆ. ಎಲ್ಲಿ ಎರೆ ಮುಗಿದು ಮಡ್ಡಿ ಶುರುವಾಗುತ್ತದೆ ಎಂಬುದು ಕೇರಿಯ ಮಕ್ಕಳಿಗೆ ಅಂಗಾಲಿನಿಂದಲೇ ಗೊತ್ತು. ಯಾಕೆಂದರೆ ಕೇರಿಯವರಿಗೆ ತುಂಡು ನೆಲ ಇದ್ದರೆ ಅದು ಬಹಳ ಸಲ ಮಡ್ಡಿಯ ಮೇಲೇ. ಹೊಲದಲ್ಲಿ ಕಸ ಕೀಳುವಾಗ ಉಡಿಗೆ ಬೀಳುವ ಗೋಳಿ, ತಗಚಿ, ಹತ್ತರಕಿ, ಕಿರಕಸಾಲಿ: ಮಾಲೀಕನಿಗೆ ಅವು ಕಸ, ಆ ಹೆಣ್ಣುಮಗಳಿಗೆ ಸಂಜೆಯ ಪಲ್ಯ. ಯಾವುದು ಯಾವ ಮಳೆಗೆ ಹುಟ್ಟುತ್ತದೆ, ಯಾವುದು ಬಸಿರಿಗೆ ಆಗಿಬರುತ್ತದೆ, ಯಾವುದನ್ನು ಎರಡು ಸಲ ಕುದಿಸಿ ನೀರು ಚೆಲ್ಲಬೇಕು ಎಂಬುದೆಲ್ಲ ಅವಳಲ್ಲಿದೆ. ಈಗ ಕಸದ ಎಣ್ಣೆ ಹೊಡೆಯುವುದು ಹೆಚ್ಚಾದ ಮೇಲೆ ಆ ಪಲ್ಯವೂ ಕಡಿಮೆಯಾಗಿದೆ, ಕಸ ಕೀಳುವ ಕೂಲಿಯೂ ಕಡಿಮೆಯಾಗಿದೆ. ಇದು ಪರಿಸರದ ಪಾಠ ಅಲ್ಲವೇ? ಯಾವ ಪಠ್ಯಪುಸ್ತಕದಲ್ಲಿದೆ?

ಇನ್ನೊಂದು ಮಾತು ಹೇಳಲು ಮನಸ್ಸು ನೋಯುತ್ತದೆ, ಆದರೂ ಹೇಳಬೇಕು. ಊರ ಸತ್ತ ದನ ಹೊರುವುದು ನಮ್ಮವರ ಮೇಲೆ ಹೇರಿದ ಕೆಲಸವಾಗಿತ್ತು. ಆ ಬಯಲಿಗೆ ರಣಹದ್ದು ಇಳಿಯುತ್ತಿದ್ದವು. ಯಾವ ದಿಕ್ಕಿನಿಂದ ಬರುತ್ತವೆ, ನಾಯಿ ಬಂದರೆ ಏನು ಮಾಡುತ್ತವೆ, ಒಂದು ಎತ್ತನ್ನು ಎಷ್ಟು ಹೊತ್ತಿನಲ್ಲಿ ಎಲುಬು ಮಾಡುತ್ತವೆ, ಕೇರಿಯ ಹುಡುಗರು ನೋಡಿಯೇ ಬೆಳೆದರು. 1990ರ ದಶಕದಲ್ಲಿ ಅವು ಕಾಣದಾದವು. ದನಕ್ಕೆ ಹಾಕುವ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಹದ್ದಿನ ಮೂತ್ರಪಿಂಡ ಕೆಡಿಸುತ್ತದೆ ಎಂದು ವಿಜ್ಞಾನಿಗಳು 2004ರಲ್ಲಿ ಹೇಳಿದರು. 2006ರಲ್ಲಿ ದನಕ್ಕೆ ಅದನ್ನು ಹಾಕುವುದನ್ನು ಸರ್ಕಾರ ನಿಲ್ಲಿಸಿತು. ಈಗ ರಣಹದ್ದನ್ನು 'ನಿಸರ್ಗದ ಜಾಡಮಾಲಿ' ಎಂದು ಹೊಗಳಿ ಬರೆಯುತ್ತಾರೆ. ಹೊಲಸು ತೆಗೆಯುವ ಹಕ್ಕಿಗೆ ಹೊಗಳಿಕೆ, ಹೊಲಸು ತೆಗೆಸಿಕೊಂಡ ಮನುಷ್ಯನಿಗೆ ಊರ ಹೊರಗಿನ ಜಾಗ! 1927ರಲ್ಲಿ ಮಹಾಡಿನ ಕೆರೆ ಮುಟ್ಟಿದ ವರ್ಷವೇ ಬಾಬಾಸಾಹೇಬರು ಸತ್ತ ದನದ ಕೆಲಸ ಬಿಡಿರಿ ಎಂದರು. ಬಿಟ್ಟದ್ದು ಸರಿ. ಆ ದಿನಗಳು ಮರಳಿ ಬರಲಿ ಎಂದು ನಾವು ಹಾಡುವವರಲ್ಲ. ನಮ್ಮ ತಕರಾರು ಇಷ್ಟೇ: ಅವಮಾನ ಉಂಡು ಗಳಿಸಿದ ಆ ತಿಳಿವಳಿಕೆಯನ್ನು ಯಾವ ಮಾಸ್ತರೂ ಒಮ್ಮೆಯೂ ಪಾಟಿಯ ಮೇಲೆ ಬರೆಸಲಿಲ್ಲ.

ಬರೆಸಬೇಕು ಎಂದು ಹೇಳಿದವರು ಒಬ್ಬರಿದ್ದರು. ಮಹಾತ್ಮ ಜೋತಿಬಾ ಫುಲೆ. 1882ರ ಅಕ್ಟೋಬರಿನಲ್ಲಿ ಪುಣೆಯಿಂದ ಅವರು ಹಂಟರ್ ಆಯೋಗಕ್ಕೆ ಒಂದು ಮನವಿ ಬರೆದರು. ರೈತರು ಬೆವರು ಸುರಿಸಿ ಕಟ್ಟಿದ ತೆರಿಗೆ ಬ್ರಾಹ್ಮಣರ ಮಕ್ಕಳ ಕಾಲೇಜಿಗೆ ಹೋಗುತ್ತದೆ, ಕೆಳಗಿನವರ ಶಾಲೆಗೆ ಹಣ ಬರುವುದಿಲ್ಲ ಎಂದು ಅದರಲ್ಲಿ ಆಪಾದನೆ ಮಾಡಿದ್ದು ಎಲ್ಲರಿಗೂ ಗೊತ್ತು. ಭಾಷಣಗಳಲ್ಲಿ ನಾವೂ ಹೇಳುತ್ತೇವೆ. ಆದರೆ ಅದೇ ಮನವಿಯಲ್ಲಿ ಇನ್ನೊಂದು ಮಾತು ಇದೆ, ಅದನ್ನು ನಾವೇ ಮರೆತಿದ್ದೇವೆ. ಪ್ರಾಥಮಿಕ ಶಾಲೆಯಲ್ಲಿ ಓದು, ಬರಹ, ಲೆಕ್ಕ, ಚರಿತ್ರೆ, ಭೂಗೋಳದ ಜೊತೆಗೆ ವ್ಯವಸಾಯದ ಮೂಲಪಾಠ ಇರಬೇಕು, ಆರೋಗ್ಯದ ಪಾಠ ಇರಬೇಕು. ಹಳ್ಳಿಯ ಶಾಲೆಗೆ ಒಂದು ಚಿಕ್ಕ ಮಾದರಿ ಹೊಲ ಇದ್ದು ಮಕ್ಕಳು ಅಲ್ಲಿ ಕೈಯಾರೆ ಕಲಿಯುವಂತಿದ್ದರೆ ಬಹಳ ಒಳ್ಳೆಯದು. ಮಾಸ್ತರು ಆದಷ್ಟು ಒಕ್ಕಲು ಮಕ್ಕಳ ನಡುವಿನಿಂದಲೇ ಬಂದವನಿರಬೇಕು, ಜನರೊಡನೆ ಬೆರೆಯುವವನಿರಬೇಕು, ನೇಗಿಲು ಹಿಡಿಯಲು ನಾಚಬಾರದು. ಅವನಿಗೆ ಒಳ್ಳೆ ಪಗಾರ ಕೊಡಬೇಕು.

ಮಾದರಿ ಹೊಲ! ಶಾಂತಿನಿಕೇತನ ಹುಟ್ಟುವುದಕ್ಕೆ ಹತ್ತೊಂಬತ್ತು ವರ್ಷ ಮೊದಲು, ವಾರ್ಧಾದ ಮೂಲ ಶಿಕ್ಷಣಕ್ಕೆ ಐವತ್ತೈದು ವರ್ಷ ಮೊದಲು, ಒಬ್ಬ ಮಾಳಿ ಕುಲದ ಮನುಷ್ಯ ಹೇಳಿದ ಮಾತು ಇದು. ಬಯಲು ಶಿಕ್ಷಣದ ಚರಿತ್ರೆಯಲ್ಲಿ ಅವರ ಹೆಸರು ಯಾಕೆ ಬರುವುದಿಲ್ಲ? ಫುಲೆ ಹೊಲವನ್ನು ಶಾಲೆಗೆ ತಂದದ್ದು ಮಕ್ಕಳ ಮನಸ್ಸು ಅರಳಲಿ ಎಂಬ ಕಾವ್ಯದ ಕಾರಣಕ್ಕಲ್ಲ. ದುಡಿಯುವವನ ಕೈಗೆ ವಿದ್ಯೆ ಬರಬೇಕು, ಪುಸ್ತಕ ಹಿಡಿದವನ ಕೈಗೆ ಮಣ್ಣು ಹತ್ತಬೇಕು ಎಂಬ ರಾಜಕೀಯದ ಕಾರಣಕ್ಕೆ. ಪಂಡಿತರಿಗೆ ಇದು ರುಚಿಸುವುದು ಕಷ್ಟ.

ಮುಂದೆ 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮೂಲ ಶಿಕ್ಷಣದ ಯೋಜನೆ ಮುಂದಿಟ್ಟರು. ಕೈಕೆಲಸದ ಮೂಲಕ ಕಲಿಕೆ. ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾವು ಬಿಡುತ್ತೇವೆ. ನಮ್ಮನ್ನು ತಡೆದು ನಿಲ್ಲಿಸುವುದು 1953. ಮದ್ರಾಸಿನಲ್ಲಿ ರಾಜಾಜಿ ಮುಖ್ಯಮಂತ್ರಿ. ಹಳ್ಳಿಯ ಮಕ್ಕಳಿಗೆ ದಿನಕ್ಕೆ ಮೂರು ತಾಸು ಶಾಲೆ ಸಾಕು, ಉಳಿದ ಹೊತ್ತು ಮನೆಯಲ್ಲಿ ಅಪ್ಪನ ಕಸುಬು ಕಲಿಯಲಿ ಎಂದು ಅವರು ಯೋಜನೆ ತಂದರು. ಆಗ ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಮದ್ರಾಸಿನಲ್ಲೇ ಇದ್ದವು ಎಂಬುದನ್ನು ಕನ್ನಡಿಗರು ನೆನೆಯಬೇಕು. ಕುಂಬಾರನ ಮಗ ಮಡಕೆ, ಕ್ಷೌರಿಕನ ಮಗ ಕತ್ತಿ, ಮಾದಿಗನ ಮಗ ಚರ್ಮ. ವಕೀಲನ ಮಗ? ಅವನು ಪಟ್ಟಣದಲ್ಲಿರುತ್ತಾನೆ, ಯೋಜನೆ ಹಳ್ಳಿಗೆ ಮಾತ್ರ! ಪೆರಿಯಾರ್ ಇದನ್ನು 'ಕುಲ ಕಲ್ವಿ' ಎಂದು ಹೆಸರಿಟ್ಟು ಬೀದಿಗಿಳಿದರು. 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ಕಾಮರಾಜರು ಬಂದು ಯೋಜನೆಯನ್ನು ತೆಗೆದುಹಾಕಿದರು.

ಫುಲೆಯ ಹೊಲಕ್ಕೂ ರಾಜಾಜಿಯ ಕಸುಬಿಗೂ ಇರುವ ಅಂತರವನ್ನು ನಮ್ಮ ಮಾಸ್ತರ ಗೆಳೆಯರು ಸರಿಯಾಗಿ ನೋಡಬೇಕು. ಎರಡರಲ್ಲೂ ಕೈ ಇದೆ, ಮಣ್ಣಿದೆ, ಹೊರಗು ಇದೆ. ಆದರೆ ಒಂದರಲ್ಲಿ ಎಲ್ಲ ಮಕ್ಕಳ ಕೈಗೆ ಸಲಿಕಿ, ಎಲ್ಲ ಮಕ್ಕಳ ಕೈಗೆ ಪಾಟಿ. ಇನ್ನೊಂದರಲ್ಲಿ ಸಲಿಕಿಯವನಿಗೆ ಸಲಿಕಿ, ಪಾಟಿಯವನಿಗೆ ಪಾಟಿ. ಇದು ಹಳೆಯ ಕಥೆ ಎಂದು ತಿಳಿಯಬೇಡಿರಿ. ಶಾಲೆಯ ಅಂಗಳದಲ್ಲಿ 'ಶ್ರಮದಾನ' ನಡೆದಾಗ ಕಸಬರಿಗೆ ಯಾರ ಕೈಗೆ ಹೋಗುತ್ತದೆ, ಹಾಜರಿ ಪುಸ್ತಕ ಯಾರ ಕೈಗೆ ಬರುತ್ತದೆ ನೋಡಿರಿ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿದ ಸುದ್ದಿ ರಾಜ್ಯವೆಲ್ಲ ಓದಿತು. ಅದಕ್ಕೇ ಕೇರಿಯ ಅವ್ವ "ನನ್ನ ಮಗನ್ನ ಸಾಲಿಗಿ ಕಳಸೀನಿ, ಹೊಲಕ್ಕಲ್ಲ" ಎಂದು ಮಾಸ್ತರರನ್ನು ಜಬರಿಸುವುದು. ಅವಳಿಗೆ ತಿಳಿವಳಿಕೆ ಇಲ್ಲ ಎಂದು ಕೆಲವರು ಬೇಸರಪಡುತ್ತಾರೆ. ಅವಳು 1953ನ್ನು ಓದಿಲ್ಲ, ಉಂಡಿದ್ದಾಳೆ.

ಇನ್ನು ಗಿಡ ನೆಡುವ ಹಬ್ಬ. 1950ರಲ್ಲಿ ಕೇಂದ್ರ ಮಂತ್ರಿ ಕೆ.ಎಂ. ಮುನ್ಶಿ ವನಮಹೋತ್ಸವ ಶುರುಮಾಡಿದರು. ಅಂದಿನಿಂದ ನಮ್ಮ ಮಕ್ಕಳು ವರ್ಷವರ್ಷವೂ ಅದೇ ಕುಣಿಯಲ್ಲಿ ಹೊಸ ಸಸಿ ನೆಡುತ್ತ ಬಂದಿದ್ದಾರೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಬಂತು, ವಿಶ್ವಬ್ಯಾಂಕಿನ ಸಾಲ ಬಂತು, ಎಲ್ಲೆಲ್ಲೂ ನೀಲಗಿರಿ ಬಂತು. ದನ ತಿನ್ನದ, ಹಕ್ಕಿ ಕೂಡದ, ಒಲೆಗೆ ಸಾಲದ ಗಿಡ ಹಾಕಿದ್ದು ಬಡವರ ಗಾಯರಾಣದ ಮೇಲೆ. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಅದಕ್ಕೆ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಎಂದು ಹೆಸರು. ನೆಹರೂ ಹುಟ್ಟಿದ ದಿನ, ಮಕ್ಕಳ ದಿನ ಅದು. ಯಾವ ಗಿಡ, ಯಾರ ನೆಲದ ಮೇಲೆ, ಯಾರ ಸಲುವಾಗಿ ಎಂಬ ಮೂರು ಪ್ರಶ್ನೆ ಅಂದು ಬಯಲಿಗೆ ಬಂದವು. ಆ ಮೂರು ಪ್ರಶ್ನೆ ಇಲ್ಲದ ಗಿಡ ನೆಡುವ ಪಾಠವನ್ನು ಫೋಟೋ ತೆಗೆಯುವ ಪಾಠ ಎನ್ನಬೇಕು.

ಸರ್ಕಾರದ ಕಾಗದದಲ್ಲಿ ಪರಿಸರ ಶಿಕ್ಷಣಕ್ಕೆ ಕೊರತೆ ಏನಿಲ್ಲ. 1975ರಲ್ಲಿ ಎನ್‌ಸಿಇಆರ್‌ಟಿ ಚಿಕ್ಕ ತರಗತಿಗಳಿಗೆ ಪರಿಸರ ಅಧ್ಯಯನ ಇರಲಿ ಎಂದಿತು. 1991ರ ನವೆಂಬರಿನಲ್ಲಿ ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪರಿಸರವನ್ನು ಕಡ್ಡಾಯವಾಗಿ ಕಲಿಸಿರಿ ಎಂದಿತು, 2003ರಲ್ಲಿ ಮತ್ತೆ ಎಚ್ಚರಿಸಿತು. 2001ರಿಂದ ರಾಷ್ಟ್ರೀಯ ಹಸಿರು ಪಡೆ, ಶಾಲೆಗೊಂದು ಇಕೋ ಕ್ಲಬ್. ಅದಕ್ಕೆ ಮೊದಮೊದಲು ವರ್ಷಕ್ಕೆ ಒಂದಿಷ್ಟು ಹಣ. ಒಂದು ಬೋರ್ಡು ಬರೆಸಿ ಹತ್ತು ಸಸಿ ತಂದರೆ ತೀರಿತು. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಬಂತು, ಮಕ್ಕಳು ಬಸ್ಸು ಹತ್ತಿ ಕಾಡು ನೋಡಿ ಬಂದರು. ನೋಡಲಿ, ಸಂತೋಷ. ನಮ್ಮ ಜಿಲ್ಲೆಯಲ್ಲೇ ಚಿಂಚೋಳಿಯ ಕಾಡು 2011ರಲ್ಲಿ ವನ್ಯಧಾಮವಾಗಿದೆ, ಅದನ್ನೂ ನೋಡಲಿ. ಆದರೆ ಮಕ್ಕಳ ತಲೆಯಲ್ಲಿ ಏನು ಕೂತಿತು? ಪರಿಸರ ಎಂದರೆ ಹಸಿರು, ಪರಿಸರ ಎಂದರೆ ಮಲೆನಾಡು, ಜಲಪಾತ, ಹುಲಿ. ನವೋದಯದ ಕವಿಗಳು ಕಟ್ಟಿಕೊಟ್ಟ ಆ ಪ್ರಕೃತಿಯಲ್ಲಿ ಎರೆ ಇಲ್ಲ, ಜಾಲಿ ಇಲ್ಲ, ಬಾರಿಗಿಡ ಇಲ್ಲ, ಉಡ ಇಲ್ಲ. ಒಮ್ಮೆ ಐದನೇ ಇಯತ್ತೆಯ ಮಕ್ಕಳಿಗೆ 'ಪರಿಸರದ ಚಿತ್ರ ತೆಗೀರಿ' ಎಂದೆವು. ತೊಗರಿ ಹೊಲದ ನಡುವಿನಿಂದ ನಡೆದು ಬಂದ ಮಕ್ಕಳು ಎರಡು ಗುಡ್ಡ, ನಡುವೆ ಸೂರ್ಯ, ಒಂದು ನದಿ, ಒಂದು ತೆಂಗಿನ ಗಿಡ ತೆಗೆದರು.

ಕೈಯಾರೆ ಕಲಿಸುವುದು ಹಳ್ಳಿಯ ಬಡ ಶಾಲೆಯಲ್ಲಿ ಆಗದ ಮಾತು ಎಂದು ಕೆಲವರು ಹೇಳುತ್ತಾರೆ. ಆಗಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ ಕಿಶೋರ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 16 ಶಾಲೆಗಳಲ್ಲಿ ವಿಜ್ಞಾನವನ್ನು ಪ್ರಯೋಗ ಮಾಡಿ ಕಲಿಸಲು ತೊಡಗಿದವು. 1978ರಲ್ಲಿ ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ಅದು ಹರಡಿತು. 1982ರಿಂದ ಏಕಲವ್ಯ ಎಂಬ ಸಂಸ್ಥೆ ಅದನ್ನು ನಡೆಸಿತು. ಹೆಸರು ನೋಡಿರಿ, ಹೆಬ್ಬೆರಳು ಕಳೆದುಕೊಂಡವನ ಹೆಸರು! ಸರ್ಕಾರಿ ಶಾಲೆ, ಸರ್ಕಾರಿ ಮಾಸ್ತರು. ಮಕ್ಕಳು ಹೊಲಕ್ಕೆ ಹೋಗಿ ಎಲೆ, ಬೇರು, ಹುಳ ತಂದು ಗುಂಪು ಮಾಡಿ ತಾವೇ ಬರೆದರು. ಉತ್ತರ ಪುಸ್ತಕದಲ್ಲಿ ಇರಲಿಲ್ಲ. ಪರೀಕ್ಷೆಗೆ ಪುಸ್ತಕ ತೆರೆದುಕೊಂಡು ಕೂಡಬಹುದಿತ್ತು. ಮೂವತ್ತು ವರ್ಷ ನಡೆದದ್ದನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. ಉತ್ತರ ಬಾಯಿಪಾಠ ಮಾಡದ ಮಕ್ಕಳು, ಪ್ರಶ್ನೆ ಕೇಳುವ ಮಕ್ಕಳು ಯಾವ ಸರ್ಕಾರಕ್ಕೆ ಬೇಕು?

ಅದೇ ಮೂವತ್ತು ವರ್ಷದ ಕೊನೆಗೆ ನಮ್ಮ ಜಿಲ್ಲೆಯಲ್ಲಿ ಬೇರೊಂದು ಪ್ರಯೋಗ ನಡೆಯುತ್ತಿತ್ತು, ಮಾಸ್ತರು ಇಲ್ಲದ ಪ್ರಯೋಗ. 1997-98ರ ಹಂಗಾಮಿನಲ್ಲಿ ಕಾಯಿಕೊರಕ ಹುಳ ತೊಗರಿಯನ್ನು ತಿಂದುಹಾಕಿತು. ಎಷ್ಟು ಎಣ್ಣೆ ಹೊಡೆದರೂ ಹುಳ ಸಾಯಲಿಲ್ಲ. ಸಾಲ ಮಾಡಿ ಹೊಡೆದವರು ಸತ್ತರು, ಗುಲ್ಬರ್ಗ ಬೀದರ ಜಿಲ್ಲೆಗಳಲ್ಲಿ ರೈತರ ಆತ್ಮಹತ್ಯೆ ಶುರುವಾದದ್ದು ಆಗ. ಎಣ್ಣೆಗೆ ಬಗ್ಗದ ಹುಳಕ್ಕೆ ಜನ ಹಳೆಯ ಉಪಾಯ ಹಿಡಿದರು. ಸಾಲಿನ ನಡುವೆ ತಟ್ಟು ಅಥವಾ ತಾಡಪತ್ರಿ ಹಾಸಿ ಗಿಡ ಹಿಡಿದು ಜಾಡಿಸುವುದು. ಹುಳ ಉದುರುತ್ತದೆ, ಬಳಿದುಕೊಂಡು ಹೋಗಿ ನಾಶ ಮಾಡುವುದು, ಕೋಳಿಗೂ ಹಾಕಬಹುದು. ಪಟಂಚೇರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ, ಕೆಲಸಕ್ಕೆ ಬರುತ್ತದೆ ಎಂದು ಬರೆದರು. ಬರೆದದ್ದು ಒಳ್ಳೆಯದಾಯಿತು. ಆದರೆ ಜಾಡಿಸಿದ ಕೈ ಯಾರದು? ದಿನಗೂಲಿಯ ಹೆಣ್ಣುಮಕ್ಕಳದು, ಅವರ ಹಿಂದೆ ತಟ್ಟು ಎಳೆಯುತ್ತ ನಡೆದ ಮಕ್ಕಳದು. ಆ ಮಕ್ಕಳು ಆ ದಿನ ಶಾಲೆಯ ಹಾಜರಿಯಲ್ಲಿ 'ಗೈರು'.

ನಾವು ಕೇಳುವುದು ಇಷ್ಟು. ಅದೇ ಹೊಲಕ್ಕೆ, ಕೂಲಿಗಲ್ಲದೆ ಪಾಠಕ್ಕೆ, ಇಡೀ ತರಗತಿ ಹೋಗಲಿ. ಗೌಡರ ಮಗನೂ ಹೋಗಲಿ, ಕೇರಿಯ ಮಗಳೂ ಹೋಗಲಿ. ಎಣ್ಣೆ ಹೊಡೆದ ಹೊಲಕ್ಕೆ ಮಾತ್ರ ಬೇಡ. ಐದು ಗಿಡ ಜಾಡಿಸಿ ಹುಳ ಎಣಿಸಲಿ, ಐದು ಗಿಡ ಹಾಗೇ ಬಿಡಲಿ. ವಾರಕ್ಕೊಮ್ಮೆ ಬಂದು ಪಾಟಿಯ ಮೇಲೆ ಲೆಕ್ಕ ಬರೆಯಲಿ. ಕಾಜಾಣ ಎಲ್ಲಿ ಕೂತಿದೆ, ಏನು ಹಿಡಿಯುತ್ತಿದೆ ನೋಡಲಿ. ಎಳೆಯ ತೊಗರಿ ಗಿಡ ಒಂದನ್ನು ಬೇರು ಹರಿಯದಂತೆ ಅಗೆದು ತೆಗೆದರೆ ಬೇರಿಗೆ ಸಣ್ಣ ಸಣ್ಣ ಗಂಟು ಕಾಣುತ್ತವೆ. ಉಗುರಿನಿಂದ ಒಡೆದರೆ ಒಳಗೆ ತಿಳಿಗೆಂಪು ಇರುತ್ತದೆ. ಹಾಗಿದ್ದರೆ ಆ ಗಂಟಿನೊಳಗಿನ ಜೀವಾಣು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿದೆ ಎಂದು ಅರ್ಥ. ತೊಗರಿ ಬೆಳೆದ ಹೊಲದಲ್ಲಿ ಮರುವರ್ಷ ಜ್ವಾಳ ಯಾಕೆ ಚೆನ್ನಾಗಿ ಬರುತ್ತದೆ ಎಂಬುದು ಅಜ್ಜಿಗೆ ಗೊತ್ತಿತ್ತು, ಯಾಕೆ ಎಂಬುದು ಮೊಮ್ಮಗಳಿಗೆ ಗೊತ್ತಾಗಲಿ. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು ಗಿಡ ನಿಂತಲ್ಲೇ ಒಣಗಿದವಲ್ಲ, ಒಣಗಿದ ಗಿಡದ ಬೇರು ಸೀಳಿ ನೋಡಲಿ, ಮನೆಯ ಹಿರಿಯರನ್ನು ಕೇಳಲಿ: ಮೊದಲು ಗುಳ್ಯಾಳ ತೊಗರಿ ಬಿತ್ತುತ್ತಿದ್ದರಂತೆ, 1986ರಲ್ಲಿ ರೋಗ ತಡೆಯುವ 'ಮಾರುತಿ' ತಳಿ ಬಂತಂತೆ, ಆಮೇಲೆ ಏನೇನು ಬಂತು, ಬೀಜ ಮೊದಲು ಎಲ್ಲಿಂದ ಬರುತ್ತಿತ್ತು, ಈಗ ಎಲ್ಲಿಂದ ಕೊಳ್ಳುತ್ತೀರಿ? ಹೊಲ ಇಲ್ಲದ ಮನೆಯ ಮಗು ಅವ್ವನನ್ನು ಕೇಳಲಿ: ಎಷ್ಟು ಹೊಲದಲ್ಲಿ ದುಡಿದಿ, ಎಷ್ಟು ಕೂಲಿ ಸಿಕ್ಕಿತು? ಅದೂ ಅದೇ ಪಾಟಿಯ ಮೇಲೆ ಬರಲಿ.

ನಮ್ಮ ಕಡೆ ಎಳ್ಳಮಾಸಿಯ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜಿ ಕಡಬು, ಹಲವು ಕಾಳು ಕಾಯಿ ಪಲ್ಯ ಕೂಡಿಸಿ ಮಾಡಿದ ಬಜ್ಜಿ, ಭೂಮಿಗೆ ಚರಗ. ಇದಕ್ಕಿಂತ ದೊಡ್ಡ ಬಯಲು ಶಾಲೆ ಯಾವುದಿದೆ ಎಂದು ಒಬ್ಬ ಅಧಿಕಾರಿ ನಮ್ಮ ಮುಂದೆ ಖುಷಿಪಟ್ಟರು. ಹೌದು ಸಾಹೇಬರೆ, ಆದರೆ ಹೊಲ ಇಲ್ಲದವರು ಆ ದಿನ ಯಾರ ಹೊಲಕ್ಕೆ ಹೋಗುತ್ತಾರೆ, ಎಲ್ಲಿ ಕೂತು ಉಣ್ಣುತ್ತಾರೆ ಎಂಬುದೂ ಆ ಶಾಲೆಯ ಪಾಠವೇ ತಾನೆ? 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ನಮ್ಮ ಈಶಾನ್ಯ ಜಿಲ್ಲೆಗಳಲ್ಲಿ. ಶಾಲೆಯ ಕೈತೋಟದಲ್ಲಿ ಕೇರಿಯ ಮಕ್ಕಳು ನೀರು ಹಾಕಿ ಬೆಳೆಸಿದ ಪಾಲಕ್ಕು ಬ್ಯಾಳಿಗೆ ಬಿದ್ದರೆ ಎಲ್ಲರೂ ಉಣ್ಣುತ್ತಾರೆ. ಅಡಿಗಿ ಮಾಡುವವಳು ಕೇರಿಯವಳಾದರೆ ತಾಟು ಎತ್ತಿಕೊಂಡು ಮನೆಗೆ ನಡೆದ ಮಕ್ಕಳ ಸುದ್ದಿ ನಾಡಿನ ಹಲವು ಕಡೆಯಿಂದ ಬಂದಿದೆ. ಮಣ್ಣಿಗೆ ಮೈಲಿಗೆ ಇಲ್ಲ, ನೀರಿಗೆ ಇಲ್ಲ, ಸೊಪ್ಪಿಗೆ ಇಲ್ಲ. ಕೈಗೆ ಹೇಗೆ ಬಂತು? ಈ ಪ್ರಶ್ನೆಯನ್ನು ಕೈತೋಟದಲ್ಲಿ ನಿಂತು ಕೇಳುವ ಮಾಸ್ತರು ಬೇಕು. ಫುಲೆ ಬೇಡಿದ್ದು ಅವನನ್ನೇ.

ಕೇಳಿದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇವೆ. ಕೆಲ ವರ್ಷದ ಹಿಂದೆ ನಮ್ಮ ಗೆಳೆಯರ ಬಳಗದ ಮಾಸ್ತರೊಬ್ಬರು ಒಂದು ಊರಿನಲ್ಲಿ ಏಳನೇ ಇಯತ್ತೆಯ ಮಕ್ಕಳಿಂದ ನೀರಿನ ನಕಾಶೆ ಮಾಡಿಸಿದರು. ಊರ ಹೆಸರು ಬೇಡ. ಮಕ್ಕಳು ನಾಲ್ಕು ಗುಂಪಾಗಿ ಊರು ಸುತ್ತಿದರು. ಪ್ರತಿ ಗುಂಪಿನಲ್ಲೂ ಎಲ್ಲ ಓಣಿಯವರು. ಬಾವಿ, ಬೋರು, ನಳ, ದನದ ದೋಣಿ, ಹಳ್ಳದ ಮಡು ಎಲ್ಲ ಗುರುತು ಮಾಡಿದರು. ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಯ ಆಳ ಅಳೆದರು. ಯಾವುದು ಯಾವ ತಿಂಗಳು ಬತ್ತುತ್ತದೆ ಎಂದು ಮನೆಮನೆಗೆ ಕೇಳಿ ಬರೆದರು. ಬಂಬಯಿ, ಪುಣೆಗೆ ದುಡಿಯಲು ಹೋಗುವ ಮನೆಗಳು ಹೆಚ್ಚು ಇರುವುದು ನೀರು ಮೊದಲು ಬತ್ತುವ ಓಣಿಯಲ್ಲೇ ಎಂಬುದನ್ನು ಒಬ್ಬ ಹುಡುಗಿ ತಾನಾಗಿಯೇ ಕಂಡುಹಿಡಿದಳು. ದೊಡ್ಡ ಹಾಳೆಯ ಮೇಲೆ ಬಣ್ಣ ಹಚ್ಚುವಾಗ ಕೇರಿಯ ಹುಡುಗನೊಬ್ಬ ಒಂದು ಬಾವಿಯ ಸುತ್ತ ಕೆಂಪು ಗೆರೆ ಎಳೆದ.

"ಇದ್ಯಾಕೋ ಕೆಂಪು?"

"ಇದಕ್ಕ ನಾವು ಹೋಗಂಗಿಲ್ರಿ ಸರ."

"ಯಾಕ ಹೋಗಂಗಿಲ್ಲ?" ಎಂದು ಪಕ್ಕದಲ್ಲಿದ್ದ ಇನ್ನೊಂದು ಓಣಿಯ ಹುಡುಗ ಕೇಳಿದ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ. ಹದಿಮೂರು ವರ್ಷ ಅದೇ ಬಾವಿಯ ನೀರು ಕುಡಿದವನು.

ನಕಾಶೆ ನಾಲ್ಕು ದಿನ ಗೋಡೆಯ ಮೇಲಿತ್ತು. ಊರ ಹಿರಿಯರು ಕೆಲವರು ಬಂದು ನೋಡಿ ಹೋದರು. ಐದನೇ ದಿನ ಮೇಲಿನವರು ಮಾಸ್ತರರನ್ನು ಕರೆದು, "ಪರಿಸರ ಅಂದ್ರ ಗಿಡ-ಗಂಟಿ ತೋರಸ್ರೀ, ಇದೆಲ್ಲ ನಿಮಗ್ಯಾಕ ಬೇಕಿತ್ತು?" ಎಂದರು. ನಕಾಶೆ ಇಳಿಯಿತು. ಮಾಸ್ತರರು ಅದನ್ನು ಸುತ್ತಿ ಮನೆಗೆ ತಂದು ಟ್ರಂಕಿನ ಹಿಂದೆ ಇಟ್ಟರು. ಮರುವರ್ಷ ಮಳೆಗಾಲದಲ್ಲಿ ಆ ಇಬ್ಬರು ಹುಡುಗರೇ ಕೂಡಿ ಅವರ ಮನೆಗೆ ಬಂದರು. ಕೇರಿಗೆ ಹೊಸ ನಳ ಬಂದಿತ್ತು. ಅದನ್ನು ಸೇರಿಸಬೇಕು, ಹಾಳೆ ಕೊಡ್ರಿ ಎಂದರು. ನೆಲದ ಮೇಲೆ ಹಾಸಿ, ಒಬ್ಬ ತುದಿ ಒತ್ತಿ ಹಿಡಿದ, ಇನ್ನೊಬ್ಬ ನೀಲಿ ಪೆನ್ಸಿಲಿನಿಂದ ನಳ ತೆಗೆದ. ಕೆಂಪು ಗೆರೆ ಹಾಗೇ ಇತ್ತು. ಅಳಿಸಬೇಕೋ ಬೇಡವೋ ಎಂದು ಇಬ್ಬರೂ ಸ್ವಲ್ಪ ಹೊತ್ತು ಜಗಳಾಡಿದರು. "ಇನ್ನಾ ಹೋಗಂಗಿಲ್ಲಲ್ಲ, ಇರ್ಲಿ" ಎಂದು ಬಿಟ್ಟರು.